ಸ್ವಂತ ಕೋಶದಿಂದಲೇ ಬೆಳೆಸಿದ ಆರ್‌ಪಿಇ ಪದರಕ್ಕೂ ಪ್ರತಿರಕ್ಷಣೆಯ ಕಾಟ ಯಾಕೆ?

ನೀರ್ಚಾಲಿನವ

ನೀರ್ಚಾಲು ಕಡೆಯ ಗ್ರಂಥಾಲಯವೊಂದರಲ್ಲಿ 60 ದಾಟಿದವರಿಗೆಂದು ಕಣ್ಣಿನ ಬಗ್ಗೆ ಒಂದು ಗಂಟೆಯ ಕನ್ನಡ ಉಪನ್ಯಾಸ ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದುವ ಕೆಲವು ಮಕ್ಕಳೂ ಬರುತ್ತಾರೆ. ಅದಕ್ಕೆ ನಾನು ಬರೆಯುತ್ತಿರುವ ಟಿಪ್ಪಣಿ ಅಜ್ಜ-ಅಜ್ಜಿಯರಿಗೂ ಅರ್ಥವಾಗಬೇಕು, ಎಂಎಸ್ಸಿಯವರು ಎದ್ದು ಪ್ರಶ್ನೆ ಹಾಕಿದರೂ ತಡವರಿಸಬಾರದು.

ನಮ್ಮಲ್ಲಿ ವಯಸ್ಸಾದವರ ಕಣ್ಣು ಮಸುಕಾದರೆ ಎಲ್ಲದಕ್ಕೂ ‘ಪೊರೆ’ ಎಂಬ ಒಂದೇ ಹೆಸರು, ಮಲಯಾಳದಲ್ಲಾದರೆ ‘ತಿಮಿರ’. ಪೊರೆ ತೆಗೆಸಿದ ಮೇಲೂ ಎದುರಿದ್ದವರ ಮುಖ ಕಾಣದಿದ್ದರೆ ‘ನರ ಸತ್ತಿದೆ’ ಎಂದು ಬಿಟ್ಟುಬಿಡುತ್ತಾರೆ. ಅದರಲ್ಲಿ ಒಂದು ಪಾಲು ಮ್ಯಾಕುಲಾದ (ಕಣ್ಣಿನ ಹಿಂಭಾಗದ ರೆಟಿನಾ ಪರದೆಯ ನಡುಭಾಗ) ಸವೆತ, ಅಂದರೆ ಎಎಂಡಿ, ಎಂದು ವಿವರಿಸುವವರೆಗೆ ತೊಂದರೆಯಿಲ್ಲ. ಕಾಂಡಕೋಶದ ಭಾಗಕ್ಕೆ ಬಂದಾಗ ಗಂಟು ಬೀಳುತ್ತದೆ.

ರೋಗಿಯ ಚರ್ಮದ ಅಥವಾ ರಕ್ತದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಯಾವ ಕೋಶವಾಗಿಯೂ ಬೆಳೆಯಬಲ್ಲ ಐಪಿಎಸ್ ಕೋಶ ಮಾಡಿ, ಅದರಿಂದ ರೆಟಿನಾದ ಆರ್‌ಪಿಇ ಪದರ ಬೆಳೆಸಿ ಕಣ್ಣಿಗೆ ಕಸಿ ಮಾಡುತ್ತಾರೆ. ಕೋಶ ಅವರದ್ದೇ ಆದ ಮೇಲೆ ದೇಹ ಯಾಕೆ ಗಲಾಟೆ ಮಾಡಬೇಕು? ಕಣ್ಣಿಗೆ ರೋಗನಿರೋಧಕ ವ್ಯವಸ್ಥೆಯಿಂದ ವಿನಾಯಿತಿ ಇದೆ ಎಂದೂ ಪುಸ್ತಕಗಳಲ್ಲಿದೆ. ಹಾಗಿದ್ದರೆ ಪ್ರಯೋಗಗಳಲ್ಲಿ ಪ್ರತಿರಕ್ಷಣೆ ತಗ್ಗಿಸುವ ಟ್ಯಾಕ್ರೊಲಿಮಸ್ ಯಾಕೆ ಕೊಟ್ಟರು? ಇದೇ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಎಎಂಡಿಯಲ್ಲಿ ಪ್ರತಿರಕ್ಷಣೆಯ ಪಾತ್ರವನ್ನು ಪರೀಕ್ಷಿಸುತ್ತಾರಂತೆ, ಅದು ಹೇಗೆ?

ಇನ್ನೊಂದು ಉಳಿಯಿತು. ‘ನಿಮ್ಮದೇ ಕೊಬ್ಬಿನ ಸ್ಟೆಮ್ ಸೆಲ್, ಕಣ್ಣಿಗೆ ಒಂದೇ ಇಂಜೆಕ್ಷನ್, ಅಡ್ಡಪರಿಣಾಮ ಇಲ್ಲ’ ಎಂಬ ವಾಟ್ಸಾಪ್ ಸಂದೇಶ ಸುತ್ತುತ್ತಿದೆ. ಸಭೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಪಯಸ್ವಿನಿ ದಂಡೆ

ಆರ್‌ಪಿಇ ಏನು ಮಾಡುತ್ತದೆ ಎಂಬಲ್ಲಿಂದ ಶುರುಮಾಡಿ, ಮಿಕ್ಕದ್ದು ಹಿಂದಿನಿಂದ ಬರುತ್ತದೆ. ಬೆಳಕು ಹಿಡಿಯುವ ದಂಡಕೋಶ, ಶಂಕುಕೋಶಗಳ ಬೆನ್ನಿಗೆ ಒಂದೇ ಕೋಶದಷ್ಟು ದಪ್ಪದ ಕಪ್ಪು ಹಾಸು ಇದೆ, ಅದೇ ಆರ್‌ಪಿಇ. ಅವುಗಳಿಗೆ ಉಣಬಡಿಸುವುದು, ಬಳಸಿದ ವಿಟಮಿನ್ ಎ ಅನ್ನು ಮತ್ತೆ ಸಿದ್ಧಪಡಿಸಿ ಕೊಡುವುದು, ದಿನವೂ ಉದುರುವ ತುದಿಗಳನ್ನು ನುಂಗಿ ಕರಗಿಸುವುದು ಎಲ್ಲ ಅದರ ಪಾಲಿನ ಕೆಲಸ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಇನ್ನೊಂದು ಕೆಲಸ: ಹಿಂದಿನ ಕೊರಾಯ್ಡ್ ರಕ್ತನಾಳಗಳಿಂದ ಬರುವ ಸರಕನ್ನು ತಪಾಸಣೆ ಮಾಡಿಯೇ ರೆಟಿನಾದೊಳಗೆ ಬಿಡುವುದು.

ಒಣ ಎಎಂಡಿ ಬಲಿತಾಗ ಈ ಹಾಸು ತೇಪೆ ತೇಪೆಯಾಗಿ ಸಾಯುತ್ತದೆ, ಅದಕ್ಕೆ ಜಿಯೋಗ್ರಾಫಿಕ್ ಅಟ್ರೋಫಿ ಎನ್ನುತ್ತಾರೆ. ಅದರ ಆಸರೆಯಲ್ಲಿದ್ದ ಶಂಕುಕೋಶಗಳು ಆಮೇಲೆ ಸಾಯುತ್ತವೆ. ಕಸಿಗೆ ಅರ್ಥವಿರುವುದು ಈ ಎರಡು ಸಾವುಗಳ ನಡುವೆ ಮಾತ್ರ. ಶಂಕುಕೋಶವೇ ಹೋದ ಜಾಗಕ್ಕೆ ಆರ್‌ಪಿಇ ಹಾಕುವುದು ಸತ್ತ ಅಡಿಕೆ ಮರದ ಬುಡಕ್ಕೆ ಸೊಪ್ಪು ಹಾಕಿದ ಹಾಗೆ.

ವಿನಾಯಿತಿಯ ಮಾತು. ಕಣ್ಣಿನೊಳಗೆ ಇಟ್ಟ ಪರರ ಅಂಗಾಂಶ ಬೇರೆಡೆಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ಪೀಟರ್ ಮೆಡಾವರ್ 1940ರ ದಶಕದಲ್ಲೇ ಗುರುತಿಸಿದ್ದರು. ಕಾರಣಗಳು ಕೆಲವು: ಕೋಶಗಳ ನಡುವಿನ ಬಿಗಿ ಬೆಸುಗೆಯಿಂದಾದ ರಕ್ತ-ರೆಟಿನಾ ತಡೆ, ರೆಟಿನಾದಲ್ಲಿ ದುಗ್ಧನಾಳ ಇಲ್ಲದಿರುವುದು, ಆರ್‌ಪಿಇ ತಾನೇ ಸೂಸುವ ಟಿಜಿಎಫ್-ಬೀಟಾ ಮತ್ತು ತನ್ನ ಮೈಮೇಲೆ ಹೊತ್ತಿರುವ ಫ್ಯಾಸ್ ಲೈಗ್ಯಾಂಡ್, ಪಿಡಿ-ಎಲ್1ನಂಥ ಅಣುಗಳು. ಪರಕೀಯ ಕೋಶದ ಮೇಲೆ ಬೀಳುವ ಟಿ ಕೋಶ ಹತ್ತಿರ ಬಂದರೆ ಇವು ಅದನ್ನು ತಣ್ಣಗಾಗಿಸುತ್ತವೆ. ಈ ಪಟ್ಟಿಯಲ್ಲಿ ಆರ್‌ಪಿಇಯ ಹೆಸರು ಎಷ್ಟು ಸಲ ಬಂತು ನೋಡಿ. ಎಎಂಡಿಯಲ್ಲಿ ಸತ್ತಿರುವುದು ಅದೇ. ಅಂದರೆ ವಿನಾಯಿತಿ ಕೊಡುತ್ತಿದ್ದ ಕಚೇರಿಯೇ ಮುಚ್ಚಿದ ಮೇಲೆ ನಾವು ಕಸಿ ಹಿಡಿದುಕೊಂಡು ಹೋಗುತ್ತೇವೆ. ಒದ್ದೆ ಎಎಂಡಿಯಾದರೆ ಹೊಸ ರಕ್ತನಾಳಗಳು ಹಾಸನ್ನು ಸೀಳಿ ಒಳಗೆ ಬಂದಿರುತ್ತವೆ. ಮೇಲಿಂದ ಶಸ್ತ್ರಕ್ರಿಯೆಯಲ್ಲಿ ರೆಟಿನಾಕ್ಕೆ ಒಂದು ತೂತು. ಆರೋಗ್ಯವಂತ ಇಲಿಯ ಕಣ್ಣಿನಲ್ಲಿ ಕಂಡ ವಿನಾಯಿತಿಯನ್ನು 75 ವರ್ಷದವರ ಎಎಂಡಿ ಕಣ್ಣಿನಲ್ಲಿ ನಿರೀಕ್ಷಿಸುವಂತಿಲ್ಲ.

ಎಚ್‌ಎಲ್‌ಎ ವಿವರಿಸಲು ಕೇರಳ-ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟ್ ಸಾಕು. ಕೋಶ ಯಾರದ್ದೆಂದು ತೋರಿಸುವ, ಅದರ ಮೇಲಿನ ಎಚ್‌ಎಲ್‌ಎ ಪ್ರೋಟೀನೇ ನಂಬರ್ ಪ್ಲೇಟು. ಕೆಎಲ್-14 ಗಾಡಿಗಳ ನಡುವೆ ಕೆಎ-19 ಕಂಡರೆ ಟಿ ಕೋಶ ಕೈ ಅಡ್ಡ ಹಿಡಿಯುತ್ತದೆ. ಇನ್ನೊಬ್ಬ ಕಾವಲುಗಾರ ಎನ್‌ಕೆ ಕೋಶ ಹುಡುಕುವುದು ಪ್ಲೇಟೇ ಇಲ್ಲದ ಗಾಡಿಯನ್ನು. ಬಿ2ಎಂ ಜೀನ್ ಅಳಿಸಿ ಮೊದಲ ವರ್ಗದ ಎಚ್‌ಎಲ್‌ಎ ತೆಗೆದುಬಿಟ್ಟರೆ ಸಿಡಿ8 ಟಿ ಕೋಶದ ಕಣ್ಣು ತಪ್ಪಿಸಬಹುದು, ಆದರೆ ಎನ್‌ಕೆ ಹಿಡಿಯುತ್ತದೆ. ಎರಡನೇ ವರ್ಗದ್ದನ್ನು ತಡೆಯಲು ಸಿಐಐಟಿಎ ಜೀನನ್ನೂ ಮುಟ್ಟಬೇಕು. ಅದಕ್ಕೇ ಎಚ್‌ಎಲ್‌ಎ-ಇ, ಸಿಡಿ47 ಮುಂತಾದ ‘ನನ್ನನ್ನು ಬಿಡು’ ಎನ್ನುವ ಗುರುತುಗಳನ್ನು ಜೊತೆಗೆ ಸೇರಿಸುವ ಪ್ರಯತ್ನ ನಡೆದಿದೆ.

ಈಗ ‘ಸ್ವಂತ ಕೋಶ’. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಐಪಿಎಸ್ ಕೋಶವನ್ನು ಶಿನ್ಯಾ ಯಮನಾಕ ತಂಡ ಮಾಡಿತು. ಪ್ಲೇಟು ಸ್ವಂತದ್ದಾದರೂ ಕೋಶಗಳ ನಡವಳಿಕೆ ಒಂದೇ ತರ ಇರುವುದಿಲ್ಲ ಎಂಬುದಕ್ಕೆ 2015ರ ಒಂದು ಪ್ರಯೋಗ ಒಳ್ಳೆಯ ಉದಾಹರಣೆ. ಮಾನವ ಪ್ರತಿರಕ್ಷಣಾ ವ್ಯವಸ್ಥೆ ಕೂರಿಸಿದ ಇಲಿಗಳಲ್ಲಿ, ಅದೇ ವ್ಯಕ್ತಿಯ ಐಪಿಎಸ್‌ನಿಂದ ಮಾಡಿದ ನಯಸ್ನಾಯು ಕೋಶಗಳ ಮೇಲೆ ಟಿ ಕೋಶಗಳು ಬಿದ್ದವು, ಆರ್‌ಪಿಇ ಕೋಶಗಳನ್ನು ಸಹಿಸಿಕೊಂಡವು. ಅದೂ ಕಣ್ಣಿನ ಹೊರಗೆ, ಸ್ನಾಯುವಿನಲ್ಲಿ ಇಟ್ಟಾಗಲೂ. ಆರ್‌ಪಿಇಯ ಮಟ್ಟಿಗೆ ಇದು ಶುಭಸೂಚನೆ. ‘ಸ್ವಂತ ಐಪಿಎಸ್ ಆದರೆ ಯಾವ ಅಂಗಾಂಶವೂ ಸುರಕ್ಷಿತ’ ಎಂದು ಎಳೆಯಬಾರದು.

ಮನುಷ್ಯರಲ್ಲಿ ಐಪಿಎಸ್ ಆರ್‌ಪಿಇ ಕಸಿ ಮೊದಲು ನಡೆದದ್ದು 2014ರ ಸೆಪ್ಟೆಂಬರ್, ಜಪಾನಿನ ಕೋಬೆ, ಮಸಾಯೊ ತಕಹಾಶಿ ಅವರ ತಂಡ. 77 ವರ್ಷದ ಮಹಿಳೆ, ಒದ್ದೆ ಎಎಂಡಿ. ಅವರದೇ ಚರ್ಮದಿಂದ ಬೆಳೆಸಿದ 1.3 × 3 ಮಿಲಿಮೀಟರ್ ಹಾಳೆ. ಪ್ರತಿರಕ್ಷಣೆ ತಗ್ಗಿಸುವ ಮದ್ದು ಕೊಡಲಿಲ್ಲ. ವರ್ಷದ ಬಳಿಕ ಹಾಳೆ ಹಾಗೇ ಇತ್ತು, ನೋಟ ಸುಧಾರಿಸಲೂ ಇಲ್ಲ, ಕೆಡಲೂ ಇಲ್ಲ. ಎರಡನೇ ರೋಗಿಯ ಐಪಿಎಸ್‌ನಲ್ಲಿ ಡಿಎನ್‌ಎ ಬದಲಾವಣೆ ಕಂಡುಬಂದು ಕಸಿ ಮಾಡದೆ ನಿಲ್ಲಿಸಿದರು. ಸ್ವಂತ ಕೋಶದ ದಾರಿಯ ನಿಜವಾದ ತೊಡಕು ಇದು: ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ತಿಂಗಳುಗಟ್ಟಲೆ ಬೆಳೆಸಿ, ಪ್ರತಿ ಸಲವೂ ಜೀನೋಮ್ ತಪಾಸಣೆ ಮಾಡಿ, ಕೊನೆಗೆ ಬಿಸಾಡಬೇಕಾಗಿಯೂ ಬರಬಹುದು.

ಹಾಗಾಗಿ 2017ರಲ್ಲಿ ಅದೇ ಊರಿನವರು ದಾನಿ ಕೋಶಕ್ಕೆ ಹೊರಳಿದರು. ತಂದೆ-ತಾಯಿ ಎರಡೂ ಕಡೆಯಿಂದ ಒಂದೇ ಎಚ್‌ಎಲ್‌ಎ ಸರಣಿ ಬಂದಿರುವ ದಾನಿಯ ಐಪಿಎಸ್, ಐವರು ರೋಗಿಗಳು. ರೋಗಿಯ ಎರಡು ಸರಣಿಗಳಲ್ಲಿ ಒಂದು ಇದಕ್ಕೆ ಹೊಂದಿದರೆ ಟಿ ಕೋಶಕ್ಕೆ ಪ್ಲೇಟಿನಲ್ಲಿ ಹೊಸತೇನೂ ಕಾಣುವುದಿಲ್ಲ. ಮೈಗೆಲ್ಲ ತಾಗುವ ಮದ್ದಿಲ್ಲದೆ ನಡೆಸಿದ ಈ ಕಸಿಗಳಲ್ಲಿ ಒಬ್ಬರಲ್ಲಿ ಮಾತ್ರ ಲಘು ತಿರಸ್ಕಾರದ ಲಕ್ಷಣ ಕಂಡು, ಕಣ್ಣಿಗೇ ಸ್ಟೆರಾಯ್ಡ್ ಕೊಟ್ಟು ಹತೋಟಿಗೆ ತಂದರು. ಕೋತಿಗಳಲ್ಲಿ ಮೊದಲೇ ನೋಡಿದ್ದರು: ಹೊಂದಿಕೆ ಇದ್ದಲ್ಲಿ ಕಸಿ ಉಳಿಯಿತು, ಇಲ್ಲದಲ್ಲಿ ಟಿ ಕೋಶ, ಕಸ ನುಂಗುವ ಮ್ಯಾಕ್ರೊಫೇಜ್ ನುಗ್ಗಿದವು.

ಟ್ಯಾಕ್ರೊಲಿಮಸ್ ಬಂದದ್ದು ಹೊಂದಿಕೆ ನೋಡದ ಭ್ರೂಣ ಕಾಂಡಕೋಶದ ಪ್ರಯೋಗಗಳಲ್ಲಿ. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಮೆರಿಕದ ವರದಿಯಲ್ಲಿ 18 ಮಂದಿ. ಒಂಬತ್ತು ಎಎಂಡಿ, ಒಂಬತ್ತು ಸ್ಟಾರ್ಗಾರ್ಟ್ (ಮ್ಯಾಕುಲಾ ಸವೆಯುವ ಆನುವಂಶಿಕ ರೋಗ). 50,000ದಿಂದ 1,50,000 ಕೋಶಗಳ ದ್ರಾವಣ, ಜೊತೆಗೆ ಸುಮಾರು ಮೂರು ತಿಂಗಳು ಟ್ಯಾಕ್ರೊಲಿಮಸ್ ಮತ್ತು ಮೈಕೊಫಿನೊಲೇಟ್. ಲಂಡನ್ನಿನವರು 2018ರಲ್ಲಿ ವರದಿ ಮಾಡಿದ ಇಬ್ಬರಿಗೆ 6 × 3 ಮಿಲಿಮೀಟರಿನ ಪಾಲಿಯೆಸ್ಟರ್ ತೇಪೆ ಹಾಕಿ, ದೀರ್ಘಾವಧಿಯ ಹತೋಟಿಗೆ ಕಣ್ಣಿನೊಳಗೇ ಫ್ಲೂಸಿನೊಲೋನ್ ಎಂಬ ಸ್ಟೆರಾಯ್ಡ್ ಇಂಪ್ಲಾಂಟ್ ಇಟ್ಟರು. ಒಂದು ವರ್ಷಕ್ಕೆ ದೃಷ್ಟಿ ಪರೀಕ್ಷೆಯ ಫಲಕದಲ್ಲಿ ಒಬ್ಬರು 29, ಇನ್ನೊಬ್ಬರು 21 ಅಕ್ಷರ ಹೆಚ್ಚು ಓದಿದರು. ಎರಡೇ ಕಣ್ಣು, ನೆನಪಿರಲಿ.

ನಾಲ್ಕು ಸೊನ್ನೆ ಮೈಕ್ರಾನ್

ಮೇಲಿನದ್ದು ಪೂರ್ತಿ ಟಿ ಕೋಶದ ಕಥೆ. ಎಎಂಡಿಯಲ್ಲಿ ದೊಡ್ಡ ಪಾತ್ರ ಪ್ರತಿರಕ್ಷಣೆಯ ಬೇರೆ ತೋಳಿನದ್ದು, ಕಾಂಪ್ಲಿಮೆಂಟ್‌ನದ್ದು. ಅದಕ್ಕೆ ಪ್ಲೇಟು ನೋಡುವ ಅಭ್ಯಾಸ ಇಲ್ಲ. ರಕ್ತದಲ್ಲಿ ಸದಾ ತೇಲುತ್ತಿರುವ ಪ್ರೋಟೀನ್ ಸರಪಣಿ ಅದು. ಸಿ3 ಒಡೆಯುತ್ತದೆ, ಸಿ5 ಒಡೆಯುತ್ತದೆ, ಕೊನೆಗೆ ಸಿ5ಬಿ-9 ಎಂಬ ಗುಂಪು ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಇದಕ್ಕೆ ಬ್ರೇಕ್ ಹಾಕುವುದು ಫ್ಯಾಕ್ಟರ್ ಎಚ್. ಆ ಪ್ರೋಟೀನಿನ 402ನೇ ಸ್ಥಾನದಲ್ಲಿ ಟೈರೊಸಿನ್ ಬದಲು ಹಿಸ್ಟಿಡಿನ್ ಬಂದವರಿಗೆ ಎಎಂಡಿ ಅಪಾಯ ಹೆಚ್ಚು ಎಂದು 2005ರಲ್ಲಿ ಹಲವು ತಂಡಗಳು ಒಟ್ಟಿಗೇ ಕಂಡುಕೊಂಡವು.

‘ಸ್ವಂತ ಕೋಶ’ದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಬದಲಾವಣೆ ಇರುವ ರೋಗಿಯ ಐಪಿಎಸ್‌ನಲ್ಲಿ ಅದೇ ಜೀನು ಇದೆ, ಅವರ ಯಕೃತ್ತು ಅದೇ ಸಡಿಲ ಬ್ರೇಕನ್ನು ರಕ್ತಕ್ಕೆ ಬಿಡುತ್ತಿದೆ, ಕಸಿಯ ಅಡಿಗೆ ಬರುವ ಬ್ರೂಕ್ಸ್ ಪೊರೆಯಲ್ಲಿ ಡ್ರೂಸನ್ ಎಂಬ ಹಳೆಯ ಕಸದ ಗುಡ್ಡೆ ಇದೆ. ಟಿ ಕೋಶ ಬಿಟ್ಟರೂ ಕಾಂಪ್ಲಿಮೆಂಟ್ ಬಿಡಬೇಕೆಂದಿಲ್ಲ. ಹೊಸ ಆರ್‌ಪಿಇಗೆ ವಯಸ್ಸು ಕಡಿಮೆ, ಆದ್ದರಿಂದ ವರ್ಷಗಟ್ಟಲೆ ತಡೆದೀತು ಎಂಬ ಲೆಕ್ಕದ ಮೇಲೆ ಕೆಲಸ ನಡೆದಿದೆ.

ತಟ್ಟೆಯ ಪ್ರಯೋಗ ಕೇಳಿದ್ದೀರಿ. ಮಕ್ಕಳಿಗೆ ಉಪಯೋಗವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಐಪಿಎಸ್‌ನಿಂದ ಆರ್‌ಪಿಇ ಮಾಡಲು ನಿಕೋಟಿನಮೈಡ್ 10 ಮಿಲಿಮೋಲಾರ್, ಆಮೇಲೆ ಆಕ್ಟಿವಿನ್ ಎ ಪ್ರತಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಆಸುಪಾಸು. ಕಂದು ಬಣ್ಣದ ಷಟ್ಕೋನ ಕೋಶಗಳು ಕಾಣಿಸಿಕೊಳ್ಳಲು ವಾರಗಳು ಬೇಕು. ಅವನ್ನು ಆರಿಸಿ, 0.4 ಮೈಕ್ರಾನ್ ರಂಧ್ರದ ಟ್ರಾನ್ಸ್‌ವೆಲ್ (ಬಾವಿಯನ್ನು ಮೇಲು-ಕೆಳಗಿನ ಎರಡು ಕೋಣೆ ಮಾಡುವ, ಜಾಲರಿ ತಳದ ಇನ್ಸರ್ಟ್) ಮೇಲೆ ಚದರ ಸೆಂಟಿಮೀಟರಿಗೆ ಒಂದರಿಂದ ಎರಡು ಲಕ್ಷದಂತೆ ಬಿತ್ತಿ, ಇನ್ನೂ 6ರಿಂದ 8 ವಾರ ಬಿಡಬೇಕು. ಇಲ್ಲಿ ಅವಸರ ಮಾಡಿದವರ ಫಲಿತಾಂಶ ನಂಬಲು ಬಾರದು. ಎಳೆಯ ಆರ್‌ಪಿಇಗೆ ಮೇಲು-ಕೆಳಗಿನ ದಿಕ್ಕೇ ಗೊತ್ತಿರುವುದಿಲ್ಲ. ಬಲಿತದ್ದು ನರಕೋಶ ಕಾಯುವ ಪಿಇಡಿಎಫ್ ಅನ್ನು ಮುಖ್ಯವಾಗಿ ಮೇಲಕ್ಕೂ ರಕ್ತನಾಳ ಬೆಳೆಸುವ ವಿಇಜಿಎಫ್ ಅನ್ನು ಕೆಳಕ್ಕೂ ಬಿಡುತ್ತದೆ. ಎರಡೂ ಕೋಣೆಯ ದ್ರವಕ್ಕೆ ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆ ಮಾಡಿ ಇದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಹಾಸು ಬಿಗಿಯಾಗಿದೆಯೇ ಎಂದು ನೋಡಲು ಟೀರ್, ಅಂದರೆ ವಿದ್ಯುತ್ ತಡೆಯ ಅಳತೆ. ಖಾಲಿ ಇನ್ಸರ್ಟ್‌ನ ಓದನ್ನು ಕಳೆದು ವಿಸ್ತೀರ್ಣದಿಂದ ಗುಣಿಸಬೇಕು. 24 ಬಾವಿಯ ಇನ್ಸರ್ಟ್ 0.33 ಚದರ ಸೆಂಟಿಮೀಟರ್: ಓದು 850 ಓಮ್, ಖಾಲಿಯದ್ದು 130 ಆದರೆ 720 × 0.33, ಅಂದರೆ ಸುಮಾರು 238 ಓಮ್-ಚದರ ಸೆಂಟಿಮೀಟರ್. 200 ದಾಟಿ ಸ್ಥಿರವಾಗಿದ್ದರೆ ಮುಂದುವರಿಯಬಹುದು. ಗುಣಿಸುವ ಬದಲು ಭಾಗಿಸುವುದು ಮಾಮೂಲಿ ತಪ್ಪು. ಇನ್ನೊಂದು, ತಟ್ಟೆ ತಣ್ಣಗಾದಂತೆ ಓದು ಏರುತ್ತದೆ. ಇನ್‌ಕ್ಯುಬೇಟರಿನಿಂದ ತೆಗೆದ ಮೇಲೆ ಪ್ರತಿ ಸಲವೂ ಅಷ್ಟೇ ನಿಮಿಷ ಕಾದು ಅಳೆಯಿರಿ. ನಮ್ಮ ಕರಾವಳಿಯ ಏಪ್ರಿಲ್‌ಗೂ ಎಸಿ ಕೋಣೆಗೂ ಇರುವ ವ್ಯತ್ಯಾಸದಷ್ಟರಲ್ಲೇ ಅಂಕಿ ಹೊರಳಿಬಿಡುತ್ತದೆ.

ಕಾಂಪ್ಲಿಮೆಂಟ್ ಕೊಡುವುದು ಮಾನವ ಸೀರಂ ಮೂಲಕ, ಸಾಮಾನ್ಯವಾಗಿ ಶೇ 10. ರಕ್ತವನ್ನು ಸಾದಾ ಕೊಳವೆಯಲ್ಲಿ ತೆಗೆಯಬೇಕು. ಇಡಿಟಿಎ ಕೊಳವೆಯಲ್ಲಿ ತೆಗೆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಬಂಧಿಯಾಗಿ ಸರಪಣಿ ಓಡುವುದೇ ಇಲ್ಲ. ಅರ್ಧ ಗಂಟೆ ಹೆಪ್ಪುಗಟ್ಟಿಸಿ, ತಿರುಗಿಸಿ, ಮಂಜುಗಡ್ಡೆಯ ಮೇಲೆ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಇಟ್ಟರೆ ಚಟುವಟಿಕೆ ಕುಸಿಯುತ್ತದೆ. ಹೋಲಿಕೆಗೆ ಅದೇ ಸೀರಂ ಅನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು. ಅದೊಂದೇ ಸಾಲದು, ಕಾಯಿಸಿದರೆ ಬೇರೆ ಪ್ರೋಟೀನುಗಳೂ ಕೆಡುತ್ತವೆ. ಸಿ5 ತೆಗೆದ ಸೀರಂ ಕೂಡ ಇಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ. ಯಾವ ದಾರಿಯಲ್ಲಿ ಸರಪಣಿ ಓಡುತ್ತಿದೆ ಎಂದು ತಿಳಿಯಬೇಕಾದರೆ ಮೆಗ್ನೀಸಿಯಂ-ಇಜಿಟಿಎ ಹಾಕಿ. ಕ್ಯಾಲ್ಸಿಯಂ ಬೇಡುವ ದಾರಿಗಳು ನಿಂತು, ಫ್ಯಾಕ್ಟರ್ ಎಚ್ ಕಾಯುವ ಆಲ್ಟರ್ನೇಟಿವ್ ದಾರಿ ಉಳಿಯುತ್ತದೆ.

ಸೀರಂ ಕೆಳಕೋಣೆಗೆ ಹಾಕಿ, ಕಣ್ಣಿನಲ್ಲಿ ರಕ್ತ ಇರುವುದು ಆ ಬದಿಗೆ. ರಕ್ಷಣಾ ಪ್ರೋಟೀನುಗಳೂ ಬದಿ ನೋಡಿ ಕೂತಿರುತ್ತವೆ: ಸಿಡಿ46 ಹೆಚ್ಚಾಗಿ ಕೆಳಗೆ, ಸಿಡಿ55 ಮತ್ತು ಸಿಡಿ59 ಹೆಚ್ಚಾಗಿ ಮೇಲೆ. ಬದಿ ತಪ್ಪಿದರೆ ಉತ್ತರವೂ ತಪ್ಪು.

ಅಳೆಯುವುದೇನು? ಸಿ5ಬಿ-9 ಬಣ್ಣ, ಟೀರ್ ಇಳಿತ, ಉರಿಯೂತದ ಗುರುತುಗಳಾದ ಐಎಲ್-6, ಐಎಲ್-8, ಜೊತೆಗೆ ವಿಇಜಿಎಫ್. ಕೋಶ ಸತ್ತಿತೇ ಎಂದು ನೋಡಲು, ಸತ್ತ ಕೋಶದಿಂದ ಸೋರುವ ಎಲ್‌ಡಿಎಚ್ ಕಿಣ್ವದ ಅಳತೆ ಬಳಸಿದರೆ, ಸೀರಂನಲ್ಲೇ ಎಲ್‌ಡಿಎಚ್ ಇರುತ್ತದೆ ಎಂಬುದು ಮರೆಯಬಾರದು. ಕೋಶವಿಲ್ಲದ ಬಾವಿಯ ಓದನ್ನು ಕಳೆಯದಿದ್ದರೆ ಎಲ್ಲ ಕೋಶವೂ ಸತ್ತಂತೆ ಕಾಣುತ್ತದೆ. ವಾಸ್ತವದಲ್ಲಿ ಆರೋಗ್ಯವಂತ ಆರ್‌ಪಿಇ ಬೇಗ ಸಾಯುವುದಿಲ್ಲ. ರಂಧ್ರ ಬಿದ್ದ ಪೊರೆಯನ್ನು ಕಳಚಿ ಹಾಕಿ ಬದುಕುತ್ತದೆ, ಆದರೆ ನಡವಳಿಕೆ ಬದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯ ಕಪಿಲ್ ಭಾರ್ತಿ ಅವರ ತಂಡ 2021ರಲ್ಲಿ ತೋರಿಸಿದ್ದು ಇದನ್ನೇ. ಸೀರಂನ ಸಿ3ಎ, ಸಿ5ಎ ತುಣುಕುಗಳು ಆರ್‌ಪಿಇಯ ಗ್ರಾಹಕಗಳ ಮೂಲಕ ಎನ್‌ಎಫ್-ಕೆಬಿಯನ್ನು ಎಬ್ಬಿಸಿ, ಕೋಶದ ಸ್ವಚ್ಛತಾ ಕೆಲಸವಾದ ಆಟೊಫ್ಯಾಜಿಯನ್ನು ತಗ್ಗಿಸಿದವು. ತಟ್ಟೆಯಲ್ಲೇ ಡ್ರೂಸನ್ ತರದ ಕಸ ಕೂಡಿತು.

ಟಿ ಕೋಶದ ಪರೀಕ್ಷೆಯಲ್ಲಿ ಬೀಳುವ ಹಳ್ಳ ಬೇರೆ. ಆರ್‌ಪಿಇ ಜೊತೆ ರೋಗಿಯ ಬಿಳಿ ರಕ್ತಕಣ ಬೆರೆಸಿ ಐದಾರು ದಿನ ಇಟ್ಟಾಗ ಏನೂ ಆಗದಿದ್ದರೆ ‘ಹೊಂದಿಕೆ ಇದೆ’ ಎಂದು ಬರೆದುಬಿಡುತ್ತಾರೆ. ಟಿಜಿಎಫ್-ಬೀಟಾ ಸೂಸಿ ಟಿ ಕೋಶವನ್ನು ಮಲಗಿಸಿದ್ದೂ ಹಾಗೇ ಕಾಣುತ್ತದೆ. ಆರ್‌ಪಿಇಯನ್ನು ಮೊದಲು 48 ಗಂಟೆ ಇಂಟರ್‌ಫೆರಾನ್-ಗಾಮಾದಲ್ಲಿಟ್ಟು, ಎಚ್‌ಎಲ್‌ಎ-ಡಿಆರ್ ಮೇಲೆ ಬಂದದ್ದನ್ನು ನೋಡಿಕೊಂಡು, ಆಮೇಲೆ ಬೆರೆಸಿ. ಉರಿಯೂತ ಇರುವ ಕಣ್ಣಿಗೆ ಅದು ಹತ್ತಿರ. ಟಿ ಕೋಶ ಜೀವಂತವಾಗಿದೆ ಎಂಬುದಕ್ಕೆ, ಅದನ್ನು ಎಬ್ಬಿಸುವ ಸಿಡಿ3/ಸಿಡಿ28 ಮಣಿ ಹಾಕಿದ ಬಾವಿ ಇರಲಿ. ಮೆಲನಿನ್ ಕಾಟವೂ ಇದೆ. ಫ್ಲೋ ಸೈಟೊಮೆಟ್ರಿಯಲ್ಲಿ ತಾನೇ ಹೊಳೆದು ದಾರಿ ತಪ್ಪಿಸುತ್ತದೆ, ಪಿಸಿಆರ್ ಅನ್ನು ತಡೆಯುತ್ತದೆ. ಕೊಳವೆಯ ತಳದ ಆರ್‌ಎನ್‌ಎ ಗಸಿ ಕಂದು ಬಣ್ಣದಲ್ಲಿದ್ದರೆ ಇನ್ನೊಮ್ಮೆ ಶುದ್ಧ ಮಾಡದೆ ಮುಂದೆ ಹೋಗಬೇಡಿ.

ನೀರ್ಚಾಲಿನವ

ಚೆಕ್‌ಪೋಸ್ಟ್ ಉಪಮೆ ಹಾಗೇ ಎತ್ತಿಕೊಳ್ಳುತ್ತೇನೆ. ಎರಡು ಸಂಶಯ. ಜಪಾನಿನಂತೆ ಎಚ್‌ಎಲ್‌ಎ ಹೊಂದುವ ದಾನಿ ಕೋಶದ ಬ್ಯಾಂಕ್ ನಮ್ಮಲ್ಲೂ ಸಾಧ್ಯವೇ? ಕಾಂಪ್ಲಿಮೆಂಟ್ ಅಷ್ಟು ಮುಖ್ಯವಾದರೆ ಅದನ್ನೇ ತಡೆಯುವ ಮದ್ದು ಇರಬೇಕಲ್ಲ?

ಪಯಸ್ವಿನಿ ದಂಡೆ

ಬ್ಯಾಂಕ್ ಸಾಧ್ಯ, ಆದರೆ ದೊಡ್ಡದಾಗಬೇಕು. ಜಪಾನಿನಲ್ಲಿ ಕೆಲವೇ ಸರಣಿಗಳು ಜನಸಂಖ್ಯೆಯ ದೊಡ್ಡ ಪಾಲಿನಲ್ಲಿವೆ. ನಮ್ಮಲ್ಲಿ ಜಾತಿ-ಜಾತಿಯೊಳಗೇ ಮದುವೆ ಶತಮಾನಗಳಿಂದ ನಡೆದು ಬಂದಿದೆ, ಪ್ರತಿ ಸಮುದಾಯದಲ್ಲಿ ಬೇರೆ ಬೇರೆ ಸರಣಿ ಹೆಚ್ಚಾಗಿರುತ್ತದೆ. ಜಪಾನಿನ ಬ್ಯಾಂಕಿನ ಕೋಶ ಇಲ್ಲಿಗೆ ತಂದರೆ ಹೊಂದುವವರು ವಿರಳ. ದಾನಿಗೆ ಒಂದೇ ಸರಣಿ ಇರುವುದರಿಂದ ರೋಗಿಯ ಎನ್‌ಕೆ ಕೋಶ ‘ಎರಡನೇ ಪ್ಲೇಟು ಎಲ್ಲಿ’ ಎಂದು ಕೇಳುವ ಸಾಧ್ಯತೆಯೂ ಉಳಿಯುತ್ತದೆ.

ಮದ್ದು ಇದೆ. 2023ರ ಫೆಬ್ರವರಿಯಲ್ಲಿ ಸಿ3 ತಡೆಯುವ ಪೆಗ್‌ಸೆಟಾಕೊಪ್ಲಾನ್, ಆಗಸ್ಟ್‌ನಲ್ಲಿ ಸಿ5 ತಡೆಯುವ ಅವಸಿನ್‌ಕ್ಯಾಪ್ಟಾಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡನ್ನೂ ಕಣ್ಣಿನೊಳಗೇ ಮತ್ತೆ ಮತ್ತೆ ಚುಚ್ಚಬೇಕು. ಜಿಯೋಗ್ರಾಫಿಕ್ ಅಟ್ರೋಫಿಯ ತೇಪೆ ಹರಡುವ ವೇಗ ಸ್ವಲ್ಪ ತಗ್ಗುತ್ತದೆ, ಹೋದ ನೋಟ ಮರಳುವುದಿಲ್ಲ. ಒದ್ದೆ ರೂಪಕ್ಕೆ ತಿರುಗುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ಯುರೋಪಿನ ನಿಯಂತ್ರಕರು ಪೆಗ್‌ಸೆಟಾಕೊಪ್ಲಾನ್‌ಗೆ ಒಪ್ಪಿಗೆ ಕೊಡಲಿಲ್ಲ.

ತಾಳವಾಡಿ ಗಡಿ

ವಾಟ್ಸಾಪ್ ಸಂದೇಶಕ್ಕೆ ಉತ್ತರ. ಕೊಬ್ಬಿನಿಂದ ತೆಗೆದ ಕೋಶ ಆರ್‌ಪಿಇ ಆಗುವುದಿಲ್ಲ. ಜಾಗವೂ ತಪ್ಪು. ಆರ್‌ಪಿಇ ಕಸಿಯನ್ನು ರೆಟಿನಾದ ಹಿಂಬದಿಗೆ, ಶಸ್ತ್ರಕ್ರಿಯಾ ಕೋಣೆಯಲ್ಲಿ ಇಡುತ್ತಾರೆ. ಈ ಅಂಗಡಿಗಳು ಕಣ್ಣಿನ ನಡುವಿನ ಲೋಳೆಯೊಳಗೆ ಸುರಿಯುತ್ತವೆ. ಅಲ್ಲಿ ಬಿದ್ದ ಕೋಶಗಳು ಪೊರೆಯಂತೆ ಹಬ್ಬಿ, ಕುಗ್ಗಿ, ರೆಟಿನಾವನ್ನು ಎಳೆದು ಕಿತ್ತುಬಿಡಬಲ್ಲವು. 2015ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮೂವರು ವೃದ್ಧೆಯರು ಇಂಥದ್ದೇ ಚಿಕಿತ್ಸೆಗೆ ತಲಾ 5,000 ಡಾಲರ್ ಕೊಟ್ಟು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡು ಕುರುಡಾದರು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ವರದಿಯಾಗಿದೆ. ಆ ಚಿಕಿತ್ಸೆ ಸರಕಾರಿ ಪ್ರಯೋಗ ಪಟ್ಟಿಯ ಜಾಲತಾಣದಲ್ಲಿ ನಮೂದಾಗಿತ್ತು ಕೂಡ. ಆದ್ದರಿಂದ ‘ನೋಂದಣಿ ಇದೆ’ ಎಂಬ ಮಾತಿಗೆ ಮರುಳಾಗಬೇಡಿ.

ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಸ್ಪಷ್ಟ: ರಕ್ತಜನಕ ಕಾಂಡಕೋಶ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಸಭೆಯಲ್ಲಿ ಕೇಳಿದರೆ ಇಷ್ಟು ಹೇಳಿ: ದುಡ್ಡು ಕೇಳಿದರೆ ಎದ್ದು ಬನ್ನಿ. ಎರಡೂ ಕಣ್ಣಿಗೆ ಒಂದೇ ದಿನ ಎಂದರೂ ಎದ್ದು ಬನ್ನಿ. ನೇರ್ಪಾದ ಪ್ರಯೋಗದಲ್ಲಿ ಹೆಚ್ಚು ಕೆಟ್ಟ ಒಂದು ಕಣ್ಣಿನಿಂದ ಶುರು. ಸಿಟಿಆರ್‌ಐ (ಭಾರತದ ಪ್ರಯೋಗ ನೋಂದಣಿ ಪಟ್ಟಿ) ಸಂಖ್ಯೆ, ಎಥಿಕ್ಸ್ ಕಮಿಟಿಯ ಹೆಸರು, ಹಾನಿಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬ ಬರಹ ಮೂರನ್ನೂ ಕೇಳಿ. ನಿಜವಾದ ಪ್ರಯೋಗಗಳೂ ಇವೆ: ಬೆಂಗಳೂರಿನ ಐಸ್ಟೆಮ್ ರಿಸರ್ಚ್ ಒಣ ಎಎಂಡಿಗೆಂದು ಆರ್‌ಪಿಇ ಕೋಶ ಕಸಿಯನ್ನು ಮಾನವ ಪ್ರಯೋಗದ ಹಂತಕ್ಕೆ ತಂದಿದೆ.

ಗಡಿಯವರು ಗಟ್ಟಿಯಾಗಿ ಕೇಳಬೇಕಾದ್ದು ಒಪ್ಪಿಗೆ ಪತ್ರದ ಭಾಷೆ. ಕಾಸರಗೋಡಿನವರು ಕೊಚ್ಚಿಗೆ ಹೋದರೆ ಮಲಯಾಳ ಪತ್ರ, ತಾಳವಾಡಿಯವರು ಕೊಯಮತ್ತೂರಿಗೆ ಹೋದರೆ ತಮಿಳು, ಜತ್ತದವರಿಗೆ ಮರಾಠಿ ಕೈಗೆ ಬರುತ್ತದೆ. ಮಾತಾಡಲು ಬಂದರೂ ಓದಲು ಬಾರದ ಹಿರಿಯರು ಹೆಬ್ಬೆಟ್ಟು ಒತ್ತಿಬಿಡುತ್ತಾರೆ. ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ಹಕ್ಕು. ಕನ್ನಡ ಪತ್ರ ಕೇಳಿ. ಅನುವಾದವನ್ನೂ ಎಥಿಕ್ಸ್ ಕಮಿಟಿ ಒಪ್ಪಿರಬೇಕು, ನರ್ಸ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಜತ್ತದ ಜೋಳ

ಒಂದೆರಡು ಸೇರಿಸುವುದಿದೆ. ಟ್ಯಾಕ್ರೊಲಿಮಸ್ ಮೂರೇ ತಿಂಗಳು ಎಂದು ಹಗುರ ಮಾಡಬೇಡಿ. 70 ದಾಟಿದವರಲ್ಲಿ ಕಿಡ್ನಿ, ಬಿಪಿ, ಸಕ್ಕರೆ ಮೂರಕ್ಕೂ ಹೊಡೆತ. ಮೈಯಲ್ಲಿ ಮಲಗಿರುವ ಕ್ಷಯ ಎದ್ದೇಳಬಹುದು, ಶುರುಮಾಡುವ ಮೊದಲೇ ಅದರ ಪರೀಕ್ಷೆ ಆಗಬೇಕು. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಜೊತೆ ತಿಂದರೆ ರಕ್ತದಲ್ಲಿ ಮದ್ದಿನ ಮಟ್ಟ ಏರುತ್ತದೆ. ನಿಮ್ಮ ಕಡೆ ಹಿತ್ತಲಲ್ಲಿ ಬೆಳೆಯುವ ಚಕ್ಕೋತವೂ ಅದೇ ಕೆಲಸ ಮಾಡುತ್ತದೆ, ಹಣ್ಣು ತಾನೇ ಎಂದು ಯಾರೂ ವೈದ್ಯರಿಗೆ ಹೇಳುವುದಿಲ್ಲ.

ಸಭೆಗೆ ಬಂದವರಲ್ಲಿ ಬಹುಪಾಲು ಜನಕ್ಕೆ ಕಸಿ ಬೇಡ, ಬೇಗ ಪತ್ತೆ ಬೇಕು. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, 30 ಸೆಂಟಿಮೀಟರ್ ದೂರದಲ್ಲಿ ಆಮ್ಸ್‌ಲರ್ ಚೌಕಳಿ ಹಾಳೆ ನೋಡಿಸಿ. ಗೆರೆ ಡೊಂಕಾದರೆ, ನಡುವೆ ಮಚ್ಚೆ ಕಂಡರೆ ಆ ವಾರವೇ ರೆಟಿನಾ ವೈದ್ಯರು. ಹಾಳೆ ಇಲ್ಲದಿದ್ದರೆ ಕಿಟಕಿ ಸರಳು, ತೋಟದ ಅಡಿಕೆ ಮರದ ಸಾಲು ಸಾಕು. ನೆಟ್ಟಗಿನ ಮರ ನಡುವೆ ಬಾಗಿದಂತೆ ಕಂಡರೆ ಒದ್ದೆ ಎಎಂಡಿ ಇರಬಹುದು. ಅದಕ್ಕೆ ವಿಇಜಿಎಫ್ ತಡೆಯುವ ಇಂಜೆಕ್ಷನ್ ಇದೆ, ತಡವಾದಷ್ಟೂ ಫಲ ಕಡಿಮೆ. ಮಧ್ಯಮ ಹಂತದ ಒಣ ರೂಪಕ್ಕೆ ಎಆರ್‌ಇಡಿಎಸ್2 ಸೂತ್ರದ ವಿಟಮಿನ್-ಖನಿಜ ಮಾತ್ರೆ. ಬೀಡಿ ಸೇದುವವರಿಗೆ ಬೀಟಾ ಕೆರೋಟಿನ್ ಇರುವ ಹಳೆಯ ಸೂತ್ರ ಕೊಡಬಾರದು, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಏರುತ್ತದೆ.

ನೀರ್ಚಾಲಿನವ

ಎಂಎಸ್ಸಿಯವರ ಪರವಾಗಿ ಇನ್ನೊಂದು. ಕಸಿ ಆದ ಮೇಲೆ ತಿರಸ್ಕಾರ ಶುರುವಾಗಿದೆ ಎಂದು ತಿಳಿಯುವುದು ಹೇಗೆ? ಕಿಡ್ನಿಯಾದರೆ ಕ್ರಿಯಾಟಿನಿನ್ ಇದೆ, ಬಯಾಪ್ಸಿ ಇದೆ.

ನಾಲ್ಕು ಸೊನ್ನೆ ಮೈಕ್ರಾನ್

ಕಣ್ಣಿನಲ್ಲಿ ಬಯಾಪ್ಸಿ ಮಾಡುವಂತಿಲ್ಲ, ಚಿತ್ರಗಳೇ ಗತಿ. ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಕಸಿಯ ಸುತ್ತ ಹೊಸ ನೀರು, ರೆಟಿನಾ ದಪ್ಪಗಾಗುವುದು. ಫ್ಲೋರೆಸಿನ್ ಆಂಜಿಯೋಗ್ರಫಿಯಲ್ಲಿ ಮೊದಲಿಲ್ಲದ ಸೋರಿಕೆ. ಲೋಳೆಯಲ್ಲಿ ತೇಲುವ ಕೋಶಗಳು. ಆಮೇಲೆ ಕಪ್ಪು ತೇಪೆ ಮಾಸುವುದು ಅಥವಾ ಅಂಚು ಚದುರುವುದು. ಇವುಗಳ ಜೊತೆ ರೋಗಿಯ ರಕ್ತಕಣಗಳನ್ನು ಅದೇ ದಾನಿಯ ಆರ್‌ಪಿಇ ಜೊತೆ ಬೆರೆಸುವ ಪರೀಕ್ಷೆಯನ್ನು ಕೋಬೆಯವರು ಕಸಿಗೆ ಮೊದಲೂ ಆಮೇಲೂ ಮಾಡಿದ್ದಾರೆ. ಆದರೆ ಒದ್ದೆ ಎಎಂಡಿ ಮರುಕಳಿಸಿದರೂ ನೀರು, ಸೋರಿಕೆ ಹೀಗೇ ಇರುತ್ತದೆ. ಸ್ಟೆರಾಯ್ಡ್‌ಗೆ ಇಳಿಯಿತೇ, ವಿಇಜಿಎಫ್ ತಡೆಗೆ ಇಳಿಯಿತೇ ಎಂದು ನೋಡಿ ಊಹಿಸಬೇಕು, ಸ್ಟೆರಾಯ್ಡ್‌ಗೆ ಎರಡೂ ಸ್ವಲ್ಪ ಇಳಿಯುವುದು ಇನ್ನೊಂದು ತಲೆನೋವು.

ಬಣ್ಣವನ್ನಂತೂ ಪೂರ್ತಿ ನಂಬಬೇಡಿ. 2015ರ ವರದಿಯಲ್ಲಿ 18ರಲ್ಲಿ 13 ಮಂದಿಗೆ ರೆಟಿನಾದಡಿಯ ಕಪ್ಪು ಹೆಚ್ಚಿತು ಎಂದಿದೆ. ಕಪ್ಪು ಕಂಡಲ್ಲೆಲ್ಲ ಜೀವಂತ ಆರ್‌ಪಿಇ ಇದೆ ಎನ್ನಲಾಗದು. ಸತ್ತ ಆರ್‌ಪಿಇಯ ಮೆಲನಿನ್ ನುಂಗಿದ ಮ್ಯಾಕ್ರೊಫೇಜ್ ಕೂಡ ಅದೇ ಜಾಗದಲ್ಲಿ ಅದೇ ಕಪ್ಪಿನಲ್ಲಿ ಕೂತಿರಬಹುದು. ಆ ಕಪ್ಪಿನ ಮೇಲೆ ಬಿದ್ದ ಬೆಳಕಿನ ಚುಕ್ಕಿಯನ್ನು ರೋಗಿ ಗುರುತಿಸುತ್ತಾರೆಯೇ ಎಂದು ಮೈಕ್ರೊಪೆರಿಮೆಟ್ರಿಯಲ್ಲಿ, ಅದೇ ಬಿಂದುವಿಗೆ ಕಸಿಗೆ ಮೊದಲಿನ ಓದು ಕೈಯಲ್ಲಿಟ್ಟುಕೊಂಡು, ಹೋಲಿಸಬೇಕು.